ಮನೆಯೊಳಗೆ ಗಿಡ ಬೆಳೆಸಲು ಕಡಿಮೆ ಖರ್ಚಿನ ಎಲ್‌ಇಡಿ ದೀಪ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಪಕ್ಕದ ಕಟ್ಟಡದ ಗೋಡೆಗೆ ಮುಖಮಾಡಿ ನಿಂತ ಎಷ್ಟೋ ಫ್ಲ್ಯಾಟುಗಳ ಬಾಲ್ಕನಿಗೆ ವರ್ಷವಿಡೀ ನೇರ ಬಿಸಿಲು ಬೀಳುವುದಿಲ್ಲ. ನಮ್ಮದೂ ಅಂಥದ್ದೇ ಮನೆ. ಮೊದಲ ಮಹಡಿ, ಅಡುಗೆಮನೆಗೆ ಹೊಂದಿಕೊಂಡ ಯುಟಿಲಿಟಿಯ ಕಿಟಕಿ ತೆರೆದರೆ ಕಾಣುವುದು ಎದುರು ಮನೆಯ ನೀರಿನ ಪೈಪುಗಳು. ಅಲ್ಲಿಯೇ ಒಂದು ಕಬ್ಬಿಣದ ರ‍್ಯಾಕಿನಲ್ಲಿ ಕೆಲವು ವರ್ಷಗಳಿಂದ ಮೆಂತ್ಯ, ದಂಟು, ಪುದೀನ, ಮೆಣಸಿನ ಸಸಿಗಳನ್ನು ದೀಪದ ಬೆಳಕಿನಲ್ಲೇ ಬೆಳೆಸುತ್ತಿದ್ದೇನೆ. ಅದನ್ನು ನೋಡಿದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲ ಉತ್ತರಗಳೂ ಖರ್ಚನ್ನು ಹಿಡಿತದಲ್ಲಿಡಬೇಕು ಎನ್ನುವವರಿಗಾಗಿ ಬರೆದವು.

ಮನೆಯಲ್ಲಿ ಬಳಸುವ ಮಾಮೂಲಿ ಎಲ್‌ಇಡಿ ದೀಪದಲ್ಲಿ ಗಿಡ ಬೆಳೆಯುತ್ತದೆಯೇ? ‘ಗ್ರೋ ಲೈಟ್’ ಎಂದು ಬರೆದದ್ದನ್ನೇ ಕೊಳ್ಳಬೇಕೆ?

ಮಾಮೂಲಿ ಬಿಳಿ ಎಲ್‌ಇಡಿಯಲ್ಲಿ ಗಿಡ ಚೆನ್ನಾಗಿಯೇ ಬೆಳೆಯುತ್ತದೆ. ಗಿಡ ಆಹಾರ ತಯಾರಿಸಿಕೊಳ್ಳಲು ಬಳಸುವುದು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು, ಅಂದರೆ ನೇರಳೆಯಿಂದ ಕೆಂಪಿನವರೆಗೆ ನಮ್ಮ ಕಣ್ಣಿಗೂ ಕಾಣುವ ಬೆಳಕನ್ನೇ. ಬಿಳಿ ಎಲ್‌ಇಡಿ ಎಂದು ನಾವು ಕರೆಯುವುದು ವಾಸ್ತವವಾಗಿ ಒಂದು ನೀಲಿ ಎಲ್‌ಇಡಿ. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಲೇಪ ನೀಲಿ ಬೆಳಕಿನ ಒಂದು ಪಾಲನ್ನು ಹೀರಿಕೊಂಡು ಹಸಿರು, ಹಳದಿ, ಕೆಂಪು ಬೆಳಕಾಗಿ ಹೊರಬಿಡುತ್ತದೆ. ಎಲ್ಲವೂ ಬೆರೆತಾಗ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ್ದಕ್ಕಾಗಿ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ, ಇಸಾಮು ಅಕಸಾಕಿ, ಹಿರೊಶಿ ಅಮಾನೊ ಮತ್ತು ಶೂಜಿ ನಕಾಮುರ ಅವರಿಗೆ, 2014ರ ಭೌತವಿಜ್ಞಾನದ ನೊಬೆಲ್ ಬಂತು. ಹಾಗಾಗಿ ಕಿರಾಣಿ ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗುವ ಬಲ್ಬಿನಲ್ಲೂ ಗಿಡಕ್ಕೆ ಬೇಕಾದ ಬಣ್ಣಗಳೆಲ್ಲ ಇವೆ. ಕೊರತೆ ಬೀಳುವುದು ಪ್ರಮಾಣದಲ್ಲಿ.

ಹಾಗಾದರೆ ಗಿಡದ ದೀಪಗಳು ನೇರಳೆ ಬಣ್ಣದಲ್ಲಿ ಏಕೆ ಇರುತ್ತವೆ?

ಎಲೆಯ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರುತ್ತದೆ, ಹಸಿರನ್ನು ಕಡಿಮೆ ಹೀರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದರ ಮೇಲೆಯೇ ಕಟ್ಟಿದ ವ್ಯಾಪಾರ ಇದು: ಹಸಿರು ವ್ಯರ್ಥವಾದರೆ ಕೆಂಪು, ನೀಲಿ ಎರಡನ್ನೇ ಕೊಟ್ಟರೆ ವಿದ್ಯುತ್ ಉಳಿಯುತ್ತದೆ ಎಂಬುದು ವಾದ. ಆದರೆ ಬೀಕರಿನಲ್ಲಿ ಕರಗಿಸಿದ ಪತ್ರಹರಿತ್ತು ಬೇರೆ, ಜೀವಂತ ಎಲೆ ಬೇರೆ. 1972ರಲ್ಲಿ ಕೀತ್ ಮೆಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳ ಮೇಲೆ ಒಂದೊಂದೇ ಬಣ್ಣದ ಬೆಳಕು ಬಿಟ್ಟು ಅಳೆದಾಗ, ಹಸಿರು ಬೆಳಕಿನಲ್ಲೂ ದ್ಯುತಿಸಂಶ್ಲೇಷಣೆ ಸಾಕಷ್ಟು ನಡೆಯುವುದು ಕಂಡಿತು. ಮೇಲಿನ ಪದರದಲ್ಲಿ ಹೀರಿಕೆಯಾಗದೆ ಉಳಿದ ಹಸಿರು ಬೆಳಕು ಎಲೆಯ ಆಳಕ್ಕೂ, ಕೆಳಗಿನ ಎಲೆಗಳಿಗೂ ಇಳಿಯುತ್ತದೆ.

ನೇರಳೆ ದೀಪದಲ್ಲಿ ಗಿಡ ಬೆಳೆಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಬೆಳೆಯುತ್ತದೆ. ನನ್ನ ತಕರಾರು ಬೇರೆ. ಆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುವುದರಿಂದ ಹಳದಿಗೆ ತಿರುಗಿದ ಎಲೆ ಯಾವುದು, ಬಿಳಿ ನೊಣ ಕೂತ ಎಲೆ ಯಾವುದು ಎಂದು ಗೊತ್ತೇ ಆಗುವುದಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2014ರಲ್ಲಿ ಅಳವಡಿಸಿದ ‘ವೆಜಿ’ ಎಂಬ ತೋಟದ ಪೆಟ್ಟಿಗೆಯಲ್ಲೂ ಕೆಂಪು, ನೀಲಿಯ ಜೊತೆಗೆ ಹಸಿರು ಎಲ್‌ಇಡಿಗಳಿವೆ. ಅಲ್ಲಿ ಬೆಳೆದ ಕೆಂಪು ಲೆಟ್ಯೂಸನ್ನು 2015ರ ಆಗಸ್ಟಿನಲ್ಲಿ ಗಗನಯಾನಿಗಳು ತಿಂದರು. ಇನ್ನು, ಮಲಗುವ ಕೋಣೆಯ ಕಿಟಕಿಯಿಂದ ರಾತ್ರಿಯೆಲ್ಲ ನೇರಳೆ ಬೆಳಕು ಹೊರಗೆ ಚೆಲ್ಲುತ್ತಿದ್ದರೆ ಎದುರು ಮನೆಯವರು ಏನೆಂದುಕೊಳ್ಳುತ್ತಾರೆ ಎಂಬುದನ್ನೂ ಯೋಚಿಸಬೇಕಾಗುತ್ತದೆ.

ನಮ್ಮ ಹಾಲ್‌ನಲ್ಲಿ ಸಂಜೆಯಿಂದ ಟ್ಯೂಬ್‌ಲೈಟ್ ಉರಿಯುತ್ತದೆ, ಹಗಲು ಬೆಳಕೂ ಚೆನ್ನಾಗಿದೆ. ಅಷ್ಟು ಸಾಲದೆ?

ಸಾಲುವುದಿಲ್ಲ. ಈ ವಿಷಯದಲ್ಲಿ ನಮ್ಮ ಕಣ್ಣು ನಮಗೆ ಸರಿಯಾಗಿ ಮೋಸ ಮಾಡುತ್ತದೆ. ಮಧ್ಯಾಹ್ನದ ಬಟ್ಟಬಯಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕಿದ್ದರೆ, ರಾತ್ರಿ ದೀಪ ಹಾಕಿದ ಕೋಣೆಯಲ್ಲಿ ಇರುವುದು 100ರಿಂದ 300 ಲಕ್ಸ್. ಪಾಪೆ ಹಿಗ್ಗಿ ಕುಗ್ಗಿ, ಕಣ್ಣಿನ ಒಳಪರದೆಯೂ ಹೊಂದಿಕೊಳ್ಳುವುದರಿಂದ ಈ ನೂರಾರು ಪಟ್ಟಿನ ವ್ಯತ್ಯಾಸ ನಮಗೆ ಅರಿವಿಗೇ ಬರುವುದಿಲ್ಲ, ಪತ್ರಿಕೆ ಓದಲು ಎರಡೂ ಕಡೆ ಸಾಧ್ಯ. ಎಲೆಗೆ ಪಾಪೆ ಇಲ್ಲ. ಹಾಲ್‌ನ ಮೂಲೆಯಲ್ಲಿ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಬದುಕಿವೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅವು ನೆರಳನ್ನು ಸಹಿಸುವ, ಹಸಿವು ತಡೆಯುವ ಗಿಡಗಳು. ಆ ಲೆಕ್ಕವನ್ನು ತುಳಸಿಗೋ ಕೊತ್ತಂಬರಿಗೋ ಹಚ್ಚಲು ಬರುವುದಿಲ್ಲ.

ಲುಮೆನ್, ಲಕ್ಸ್, ಪಿಪಿಎಫ್‌ಡಿ, ಡಿಎಲ್‌ಐ: ಇವುಗಳಲ್ಲಿ ಯಾವುದನ್ನು ನೋಡಬೇಕು?

ದೀಪದಿಂದ ಹೊರಡುವ ಒಟ್ಟು ಬೆಳಕು ಲುಮೆನ್. ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದ ಲುಮೆನ್‌ಗಳೇ ಲಕ್ಸ್. ಇವೆರಡೂ ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆಗಳು. ಗಿಡದ ಮಟ್ಟಿಗೆ ಎಣಿಸಬೇಕಾದದ್ದು ಬೆಳಕಿನ ಕಣಗಳನ್ನು, ಅಂದರೆ ಫೋಟಾನ್‌ಗಳನ್ನು. ಒಂದು ಚದರ ಮೀಟರ್ ಮೇಲೆ ಪ್ರತಿ ಸೆಕೆಂಡಿಗೆ ಬೀಳುವ ಉಪಯುಕ್ತ ಫೋಟಾನ್‌ಗಳ ಎಣಿಕೆ ಪಿಪಿಎಫ್‌ಡಿ. ಅದನ್ನು ಮೈಕ್ರೊಮೋಲ್‌ಗಳಲ್ಲಿ ಹೇಳುತ್ತಾರೆ. ಇಡೀ ದಿನದಲ್ಲಿ ಹಾಗೆ ಬಿದ್ದ ಒಟ್ಟು ಮೊತ್ತ ಡಿಎಲ್‌ಐ. ಅದನ್ನು ಮೋಲ್‌ಗಳಲ್ಲಿ ಹೇಳುತ್ತಾರೆ, ಹತ್ತು ಲಕ್ಷ ಮೈಕ್ರೊಮೋಲ್ ಸೇರಿದರೆ ಒಂದು ಮೋಲ್. ಮಳೆಗೆ ಹೋಲಿಸಿದರೆ, ಮಳೆ ಎಷ್ಟು ಜೋರಾಗಿ ಹೊಯ್ಯುತ್ತಿದೆ ಎಂಬುದು ಪಿಪಿಎಫ್‌ಡಿ, ಸಂಜೆ ಹೊತ್ತಿಗೆ ಮಳೆಮಾಪಕದಲ್ಲಿ ಎಷ್ಟು ಮಿಲಿಮೀಟರ್ ತುಂಬಿತು ಎಂಬುದು ಡಿಎಲ್‌ಐ.

ಪಿಪಿಎಫ್‌ಡಿಯನ್ನು ದೀಪ ಉರಿಯುವ ಗಂಟೆಗಳಿಂದ ಗುಣಿಸಿ, ಮತ್ತೆ 0.0036ರಿಂದ ಗುಣಿಸಿದರೆ ಡಿಎಲ್‌ಐ ಸಿಗುತ್ತದೆ. ಉದಾಹರಣೆಗೆ 200 ಪಿಪಿಎಫ್‌ಡಿ, 14 ಗಂಟೆ ಎಂದಾದರೆ ಹತ್ತು ಚಿಲ್ಲರೆ ಮೋಲ್. ಮೋಡವಿಲ್ಲದ ದಿನ ಬೆಂಗಳೂರಿನ ತಾರಸಿಯ ಮೇಲೆ 40 ಮೋಲ್‌ನ ಆಸುಪಾಸು ಬೀಳುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ನಾವು ಎಷ್ಟು ಸಣ್ಣ ಪಾಲನ್ನು ಕೊಡಲು ಹೊರಟಿದ್ದೇವೆ ಎಂಬುದು ತಿಳಿಯುತ್ತದೆ.

ಪಿಪಿಎಫ್‌ಡಿ ಅಳೆಯುವ ಸರಿಯಾದ ಮೀಟರು ದುಬಾರಿ, ಅದನ್ನು ಕೊಳ್ಳುವ ಹಣದಲ್ಲಿ ನಾಲ್ಕು ರ‍್ಯಾಕಿಗೆ ದೀಪ ಹಾಕಬಹುದು. ಅದರ ಬದಲಿಗೆ ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಫೋನನ್ನು ಎಲೆಯ ಮಟ್ಟದಲ್ಲಿ, ಪರದೆ ದೀಪದ ಕಡೆಗೆ ಇರುವಂತೆ ಹಿಡಿಯಿರಿ. ಬೆಳಕಿನ ಸಂವೇದಕ ಮುಂದಿನ ಕ್ಯಾಮೆರಾದ ಪಕ್ಕದಲ್ಲಿರುತ್ತದೆ. ಬಂದ ಲಕ್ಸ್ ಅನ್ನು 70ರಿಂದ ಭಾಗಿಸಿದರೆ ಬಿಳಿ ಎಲ್‌ಇಡಿಯ ಪಿಪಿಎಫ್‌ಡಿ ಅಂದಾಜಿಗೆ ಸಿಗುತ್ತದೆ. ಬಿಸಿಲಿಗೆ ಆ ಭಾಜಕ 54. ನೇರಳೆ ದೀಪಕ್ಕೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಲಕ್ಸ್ ಮಾಪನ ಕೆಂಪು, ನೀಲಿಗಳನ್ನು ಬಹಳ ಕಡಿಮೆ ಎಣಿಸುತ್ತದೆ. ಒಂದು ಫೋನಿಗೂ ಇನ್ನೊಂದಕ್ಕೂ ಅಂಕಿಗಳಲ್ಲಿ ವ್ಯತ್ಯಾಸ ಬರುತ್ತದೆ, ಬರಲಿ. ಒಂದೇ ಫೋನಿನಲ್ಲಿ ರ‍್ಯಾಕಿನ ನಡುಭಾಗಕ್ಕೂ ಅಂಚಿಗೂ ಎಷ್ಟು ಅಂತರವಿದೆ ಎಂದು ತಿಳಿಯಲು ಅಷ್ಟು ಸಾಕು.

ಯಾವ ಗಿಡಕ್ಕೆ ಎಷ್ಟು ಬೆಳಕು ಬೇಕು?

ಸಾಸಿವೆ, ಮೆಂತ್ಯ, ಮೂಲಂಗಿಗಳ ಎಳೆಸೊಪ್ಪು, ಅಂದರೆ ಈಗ ಮೈಕ್ರೋಗ್ರೀನ್ಸ್ ಎಂದು ಮಾರುವ ಸೊಪ್ಪು, 100ರ ಸುಮಾರು ಪಿಪಿಎಫ್‌ಡಿಯಲ್ಲಿ ತೃಪ್ತಿಯಾಗಿ ಬೆಳೆಯುತ್ತದೆ. ಬೀಜದಲ್ಲಿ ಇದ್ದ ಆಹಾರವೇ ಅದಕ್ಕೆ ಮೊದಲ ವಾರದ ಬುತ್ತಿ. ಟೊಮೆಟೊ, ಮೆಣಸಿನ ಸಸಿಗಳಿಗೆ, ಪುದೀನ, ದೊಡ್ಡಪತ್ರೆಗಳಿಗೆ 150ರಿಂದ 200 ಬೇಕು. ಲೆಟ್ಯೂಸ್, ದಂಟು, ತುಳಸಿ ಕೊಯ್ಲಿಗೆ ಬರುವಷ್ಟು ದಟ್ಟವಾಗಿ ಬೆಳೆಯಬೇಕಾದರೆ 200ಕ್ಕೆ ಕಡಿಮೆ ಇರಬಾರದು, 250 ಇದ್ದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಬರುತ್ತದೆ. ಅಲಂಕಾರದ ಎಲೆಗಿಡಗಳಿಗೆ 30ರಿಂದ 50 ಸಾಕು. ಇವೆಲ್ಲ ದಿನಕ್ಕೆ 12ರಿಂದ 16 ಗಂಟೆ ದೀಪ ಉರಿಯುತ್ತದೆ ಎಂದುಕೊಂಡು ಹೇಳಿದ ಅಂಕಿಗಳು.

ಅಗ್ಗದಲ್ಲಿ ಏನನ್ನು ಕೊಳ್ಳುವುದು ಒಳ್ಳೆಯದು? ಬಲ್ಬೋ, ಟ್ಯೂಬೋ, ಪ್ಯಾನೆಲ್ಲೋ?

ನನ್ನ ಖಚಿತ ಅಭಿಪ್ರಾಯ ಇದು: ಸೊಪ್ಪು ಮತ್ತು ಸಸಿಗಳಿಗೆ ನಾಲ್ಕು ಅಡಿಯ 20 ವಾಟ್ ಎಲ್‌ಇಡಿ ಬ್ಯಾಟನ್‌ಗಿಂತ ಅಗ್ಗದ, ಯೋಗ್ಯವಾದ ದೀಪ ನಮ್ಮ ಮಾರುಕಟ್ಟೆಯಲ್ಲಿ ಇಲ್ಲ. ಬ್ಯಾಟನ್ ಎಂದರೆ ಗೋಡೆಗೆ ಹಾಕುವ, ಪಟ್ಟಿಯೂ ದೀಪವೂ ಒಂದೇ ಆಗಿರುವ ಟ್ಯೂಬ್‌ಲೈಟ್. ಇನ್ನೂರೈವತ್ತು, ಮುನ್ನೂರು ರೂಪಾಯಿಗೆ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಕೆಟ್ಟರೆ ಬದಲಾಯಿಸಿ ಕೊಡುತ್ತಾರೆ, ಎಲ್ಲಕ್ಕಿಂತ ಮುಖ್ಯವಾಗಿ ಅದರ ಡಬ್ಬದ ಮೇಲೆ ಬರೆದ ಲುಮೆನ್ ನಂಬಲು ಯೋಗ್ಯವಾದದ್ದು.

ಲೆಕ್ಕ ಹಾಕಿ ನೋಡೋಣ. ಒಳ್ಳೆಯ 20 ವಾಟ್ ಬ್ಯಾಟನ್ 2,000 ಲುಮೆನ್ ಕೊಡುತ್ತದೆ. ಅದನ್ನು 70ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 28 ಮೈಕ್ರೊಮೋಲ್. ನಾಲ್ಕು ಅಡಿ ಉದ್ದ, ಒಂದಡಿ ಅಗಲದ ರ‍್ಯಾಕಿನ ಅಂಕಣ 0.36 ಚದರ ಮೀಟರ್ ಇರುತ್ತದೆ. ಶೇಕಡಾ 30ರಷ್ಟು ಬೆಳಕು ಅಕ್ಕಪಕ್ಕಕ್ಕೆ ಚೆಲ್ಲಿಹೋಗುತ್ತದೆ ಎಂದು ಬಿಟ್ಟರೂ ಒಂದು ಬ್ಯಾಟನ್‌ಗೆ 55ರಂತೆ, ಎರಡಕ್ಕೆ 110, ನಾಲ್ಕಕ್ಕೆ 220 ಪಿಪಿಎಫ್‌ಡಿ ಬರುತ್ತದೆ. ಮೈಕ್ರೋಗ್ರೀನ್ಸ್ ಮಾತ್ರ ಬೆಳೆಸುವವರು ಎರಡು ಹಾಕಿಕೊಳ್ಳಿ, ಸಸಿಗಳಿಗೆ ಮೂರು, ಸೊಪ್ಪು ಕೊಯ್ದು ಸಾರು ಮಾಡಬೇಕೆನ್ನುವವರು ನಾಲ್ಕು ಹಾಕಿಕೊಳ್ಳಿ.

ಒಂದೆರಡು ಕುಂಡ ಮಾತ್ರ ಇದ್ದರೆ 9 ಅಥವಾ 12 ವಾಟ್ ಬಲ್ಬು ಸಾಕು. ಬಲ್ಬಿನ ತೊಂದರೆ ಏನೆಂದರೆ, ಅದು ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಮೇಲೊಂದು ಬುಟ್ಟಿಯಾಕಾರದ ಲೋಹದ ಶೇಡ್ ಹಾಕಿದರೆ ಹೆಚ್ಚಿನ ಪಾಲು ಕುಂಡದ ಕಡೆಗೆ ತಿರುಗುತ್ತದೆ. 12 ವೋಲ್ಟಿನ ಎಲ್‌ಇಡಿ ಪಟ್ಟಿಗಳನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಿಂದ ತಂದು ಅಲ್ಯೂಮಿನಿಯಂ ಚಾನೆಲ್‌ಗೆ ಅಂಟಿಸಿ ದೀಪ ಮಾಡಿಕೊಳ್ಳುವವರಿದ್ದಾರೆ. ಬೆಸುಗೆ ಹಾಕಿ ಅಭ್ಯಾಸವಿದ್ದವರಿಗೆ ಅದು ಖುಷಿಯ ಕೆಲಸ, ಉಳಿತಾಯ ಮಾತ್ರ ಹೆಚ್ಚೇನೂ ಇಲ್ಲ.

‘ಕ್ವಾಂಟಮ್ ಬೋರ್ಡ್’ ಎಂದು ಕರೆಯುವ, ನೂರಾರು ಬಿಳಿ ಚಿಪ್‌ಗಳಿರುವ ಪ್ಯಾನೆಲ್‌ಗಳು ನಿಜವಾಗಿಯೂ ಒಳ್ಳೆಯವು. ನಮ್ಮ ಬ್ಯಾಟನ್ ಒಂದು ಜೂಲ್ ವಿದ್ಯುತ್ತಿಗೆ 1.4 ಮೈಕ್ರೊಮೋಲ್ ಕೊಟ್ಟರೆ, ಒಳ್ಳೆಯ ಬೋರ್ಡುಗಳು 2.5ಕ್ಕಿಂತ ಹೆಚ್ಚು ಕೊಡುತ್ತವೆ. ಆದರೆ ಅವುಗಳ ಬೆಲೆ ಸಾವಿರಗಳಲ್ಲಿದೆ, ಮತ್ತು ಒಂದೇ ಅಂಕಣಕ್ಕೆ ಅಷ್ಟು ಹಣ ಹಾಕಿದರೆ ವಿದ್ಯುತ್ ಉಳಿತಾಯದಿಂದ ಅದನ್ನು ಹಿಂದೆ ಪಡೆಯಲು ವರ್ಷಗಳೇ ಬೇಕು. ಹಣ್ಣು ಬಿಡುವ ಗಿಡ ಬೆಳೆಸುವ ಹಟವಿದ್ದವರು ಮಾತ್ರ ಅತ್ತ ನೋಡಬಹುದು.

‘1000 ವಾಟ್’ ಎಂದು ಬರೆದ ದೀಪ ಎರಡು ಸಾವಿರ ರೂಪಾಯಿಗೆ ಸಿಗುತ್ತಿದೆ. ತೆಗೆದುಕೊಳ್ಳಬಹುದೆ?

ನಾನು ತೆಗೆದುಕೊಂಡಿದ್ದೆ. ಆನ್‌ಲೈನಿನಲ್ಲಿ ತರಿಸಿದ ನೇರಳೆ ಪ್ಯಾನೆಲ್. ಡಬ್ಬದ ಮೇಲೆ ದಪ್ಪ ಅಕ್ಷರಗಳಲ್ಲಿ 1000 ವಾಟ್ ಎಂದಿತ್ತು. ಗೋಡೆಯ ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಸಣ್ಣ ವಾಟ್ ಮೀಟರನ್ನು ಗೆಳೆಯರೊಬ್ಬರಿಂದ ತಂದು ನೋಡಿದೆ, 68 ತೋರಿಸಿತು. ಮೀಟರೇ ಕೆಟ್ಟಿರಬೇಕೆಂದು ಅದಕ್ಕೆ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದೆ, ಪೆಟ್ಟಿಗೆಯ ಮೇಲೆ ಬರೆದಷ್ಟೇ ತೋರಿಸಿತು. ಮಾರಿದವರಿಗೆ ಬರೆದಾಗ ಬಂದ ಉತ್ತರದ ಸಾರ ಇಷ್ಟು: ತಲಾ 10 ವಾಟ್ ತಡೆಯಬಲ್ಲ 100 ಚಿಪ್‌ಗಳಿವೆ, ಹಾಗಾಗಿ 1000. ಒಂದು ಬಸ್ಸಿಗೆ ಗಂಟೆಗೆ ನೂರು ಕಿಲೋಮೀಟರ್ ಓಡುವ ತಾಕತ್ತಿದೆ ಎಂದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ ನಿಂತಾಗಲೂ ನೂರು ಎಂದೇ ಬರೆದ ಹಾಗಾಯಿತು.

ಯುಎಸ್‌ಬಿ ಪಿನ್ನಿನಿಂದ ಉರಿಯುವ, ಹಾವಿನಂತೆ ಬಾಗುವ ಮೂರು ನಾಲ್ಕು ಕತ್ತಿನ ಕ್ಲಿಪ್ ದೀಪಗಳಲ್ಲೂ ಇದೇ ಕಥೆ. ‘80 ವಾಟ್’ ಎಂದು ಬರೆದಿರುತ್ತಾರೆ. ಅದಕ್ಕೆ ಜೋಡಿಸುವ ಅಡಾಪ್ಟರಿನ ಮೇಲೆ 5 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ: 10 ವಾಟ್. ಅದಕ್ಕಿಂತ ಹೆಚ್ಚು ಆ ಅಡಾಪ್ಟರಿನಿಂದ ಬರಲು ಸಾಧ್ಯವೇ ಇಲ್ಲ. ಮೇಜಿನ ಮೇಲಿನ ಒಂದು ಸಣ್ಣ ಕುಂಡಕ್ಕೆ ಅದು ಸಾಕಾಗಬಹುದು, ಆದರೆ 10 ವಾಟಿನ ದೀಪಕ್ಕೆ 10 ವಾಟಿನ ಬೆಲೆ ಕೊಡಿ.

ಯಾವ ದೀಪವನ್ನೇ ಆಗಲಿ, ‘ಸಮಾನ ವಾಟ್’ ಎಂಬ ಮಾತನ್ನು ಬದಿಗಿಟ್ಟು, ಗೋಡೆಯಿಂದ ಎಳೆಯುವ ನಿಜವಾದ ವಾಟ್ ಎಷ್ಟು ಎಂದು ಕೇಳಿ. ಮನೆದೀಪಗಳಾದರೆ ಲುಮೆನ್ ಅನ್ನು ವಾಟಿನಿಂದ ಭಾಗಿಸಿ ನೋಡಿ. 100ಕ್ಕಿಂತ ಕಡಿಮೆ ಬಂದರೆ ಪಕ್ಕದ ಡಬ್ಬವನ್ನು ಕೈಗೆತ್ತಿಕೊಳ್ಳಿ. ಇಂಧನ ದಕ್ಷತಾ ಬ್ಯೂರೊ ಕೊಡುವ ನಕ್ಷತ್ರದ ಚೀಟಿಯೂ ಈ ಅಂಕಿಯನ್ನೇ ಆಧರಿಸಿದ್ದು.

6500 ಕೆಲ್ವಿನ್ ತೆಗೆದುಕೊಳ್ಳಬೇಕೋ, 3000 ಕೆಲ್ವಿನ್ನೋ?

6500 ಎಂದರೆ ನೀಲಿಛಾಯೆಯ ಬಿಳಿ, 3000 ಎಂದರೆ ಹಳದಿಛಾಯೆಯ ಬೆಳಕು. ನೀಲಿ ಹೆಚ್ಚಿದ್ದರೆ ಸಸಿ ಗಿಡ್ಡವಾಗಿ, ದಪ್ಪ ಕಾಂಡದೊಂದಿಗೆ ಬೆಳೆಯುತ್ತದೆ; ಕೆಂಪು ಹೆಚ್ಚಿದ್ದರೆ ಸ್ವಲ್ಪ ಉದ್ದವಾಗುತ್ತದೆ. ಸಸಿ, ಸೊಪ್ಪುಗಳಿಗೆ ನಾನು 6500ನ್ನೇ ಬಳಸುತ್ತೇನೆ, ಅದೇ ಎಲ್ಲೆಡೆ ಸಿಗುತ್ತದೆ. ನಾಲ್ಕರಲ್ಲಿ ಒಂದನ್ನು 3000 ಹಾಕಿದರೆ ನೋಡಲು ಹಿತ, ಗಿಡಕ್ಕೂ ತಕರಾರಿಲ್ಲ. ಇದರ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ದೀಪವನ್ನು ಎಷ್ಟು ಎತ್ತರದಲ್ಲಿ ತೂಗುಹಾಕಬೇಕು?

ಹೊಸಬರು ಮಾಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ಆಗುತ್ತವೆ. ಒಳ್ಳೆಯ ದೀಪ ತಂದು, ಅದನ್ನು ಸೂರಿಗೆ ಹಾಕಿ, ಗಿಡವನ್ನು ನೆಲದ ಮೇಲೆ ಇಡುತ್ತಾರೆ. ಒಂದು ಬಲ್ಬಿನಿಂದ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಉದ್ದನೆಯ ಬ್ಯಾಟನ್‌ನಲ್ಲಿ ಅಷ್ಟು ಬೇಗ ಇಳಿಯದಿದ್ದರೂ, 10 ಸೆಂಟಿಮೀಟರಿನಿಂದ 30ಕ್ಕೆ ಏರಿಸಿದರೆ ನೇರ ಕೆಳಗಿನ ಬೆಳಕು ಸುಮಾರು ಮೂರನೇ ಒಂದು ಪಾಲಾಗುತ್ತದೆ. ಎರಡು ದೀಪಗಳ ಹಣವನ್ನು ಒಂದು ಗೇಣಿನ ದೂರ ನುಂಗಿಹಾಕಬಲ್ಲದು.

ಬ್ಯಾಟನ್‌ಗಳು ಎಲೆಯ ತುದಿಯಿಂದ 10ರಿಂದ 15 ಸೆಂಟಿಮೀಟರ್ ಮೇಲಿರಲಿ. ಶೇಡ್ ಹಾಕಿದ ಬಲ್ಬಿಗೆ 15ರಿಂದ 20. ನೂರು ವಾಟಿನ ಬೋರ್ಡಾದರೆ 30ರಿಂದ 45. ನಮ್ಮ ರ‍್ಯಾಕಿನಲ್ಲಿ ಮೇಲಿನ ಅಂಕಣದ ರಂಧ್ರಗಳಿಗೆ ತೆಳುವಾದ ಕಬ್ಬಿಣದ ಸರಪಳಿಯನ್ನು ಎಸ್ ಆಕಾರದ ಕೊಕ್ಕೆಗಳಿಂದ ಸಿಕ್ಕಿಸಿದ್ದೇನೆ. ಮೆಂತ್ಯ ಒಂದು ಬೆರಳು ಬೆಳೆದರೆ ದೀಪ ಒಂದು ಕೊಂಡಿ ಮೇಲಕ್ಕೆ ಹೋಗುತ್ತದೆ. ಸರಿಯಾದ ದೂರ ತಿಳಿಯಲು ಅಂಗೈಯ ಹಿಂಭಾಗವನ್ನು ಎಲೆಯ ಮಟ್ಟದಲ್ಲಿ ಅರ್ಧ ನಿಮಿಷ ಹಿಡಿದು ನೋಡಿ. ಕೈಗೆ ಬಿಸಿ ತಾಗಿದರೆ ಎಲೆಗೂ ತಾಗುತ್ತಿದೆ.

ಅಕ್ಕಪಕ್ಕಕ್ಕೆ ಚೆಲ್ಲುವ ಬೆಳಕನ್ನು ಹಿಂದಿರುಗಿಸಲು ರ‍್ಯಾಕಿನ ಮೂರು ಬದಿಗೆ ಬಿಳಿ ಸನ್‌ಬೋರ್ಡ್ ಅಥವಾ ಹೊಸ ಟಿವಿಯ ಪೆಟ್ಟಿಗೆಯಲ್ಲಿ ಬಂದ ಥರ್ಮೊಕೋಲ್ ನಿಲ್ಲಿಸಿ, ದೀಪಕ್ಕೆ ತಾಗದಂತೆ. ಅಂಚಿನ ಕುಂಡಗಳಲ್ಲಿ ವ್ಯತ್ಯಾಸ ಒಂದೇ ವಾರದಲ್ಲಿ ಕಾಣುತ್ತದೆ. ಖರ್ಚಿಲ್ಲದೆ ಬೆಳಕು ಹೆಚ್ಚಿಸುವ ಉಪಾಯ ಇದಕ್ಕಿಂತ ಬೇರೆ ಇಲ್ಲ.

ದಿನಕ್ಕೆ ಎಷ್ಟು ಗಂಟೆ ಉರಿಸಬೇಕು? ರಾತ್ರಿಯಿಡೀ ಉರಿಸಿದರೆ ಬೇಗ ಬೆಳೆಯುವುದಿಲ್ಲವೆ?

ಸಾಮಾನ್ಯವಾಗಿ 14 ಗಂಟೆ ಒಳ್ಳೆಯ ಲೆಕ್ಕ. ದೀಪ ಕಡಿಮೆ ಇದ್ದರೆ 16ಕ್ಕೆ ಏರಿಸಿ ಡಿಎಲ್‌ಐ ಸರಿದೂಗಿಸಬಹುದು. ಅದಕ್ಕಿಂತ ಹೆಚ್ಚು ಬೇಡ. ಟೊಮೆಟೊ ಗಿಡಕ್ಕೆ 24 ಗಂಟೆಯೂ ಬೆಳಕು ಕೊಟ್ಟರೆ ಎಲೆ ಹಳದಿಯಾಗಿ ಹಾಳಾಗುತ್ತದೆ. ಕೊತ್ತಂಬರಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು: ಹಗಲು ಉದ್ದವಾದಷ್ಟೂ ಅದು ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ಓಡುತ್ತದೆ. ಅದಕ್ಕೆ 12 ಗಂಟೆಗೆ ನಿಲ್ಲಿಸಿ.

ಗಿಡಗಳು ರಾತ್ರಿಯ ಉದ್ದವನ್ನು ಅಳೆಯುತ್ತವೆ ಎಂಬುದನ್ನು ನೋಡಬೇಕೆನ್ನುವವರು ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಹೋಗಬೇಕು. ಸೇವಂತಿಗೆ ಹೊಲಗಳಲ್ಲಿ ಸಾಲುಸಾಲಾಗಿ ಬಲ್ಬುಗಳು ಉರಿಯುತ್ತಿರುತ್ತವೆ, ದೂರದಿಂದ ಜಾತ್ರೆಯಂತೆ ಕಾಣುತ್ತದೆ. ಸೇವಂತಿಗೆ ದೀರ್ಘ ರಾತ್ರಿ ಸಿಕ್ಕಾಗ ಮೊಗ್ಗು ಕಟ್ಟುವ ಗಿಡ. ರಾತ್ರಿಯನ್ನು ಬೆಳಕಿನಿಂದ ಮೊಟಕುಗೊಳಿಸಿದರೆ ಅದು ಎತ್ತರಕ್ಕೆ ಬೆಳೆಯುತ್ತ ಕಾಯುತ್ತದೆ, ಬೆಲೆ ಇರುವ ಕಾಲಕ್ಕೆ ಹೂ ಬರುವಂತೆ ರೈತರು ದೀಪ ಆರಿಸುತ್ತಾರೆ. ಅಷ್ಟು ಮಂದ ಬೆಳಕಿನಿಂದ ಗಿಡಕ್ಕೆ ಹೊಟ್ಟೆ ತುಂಬುವುದಿಲ್ಲ, ಅದು ಕೇವಲ ಸಂಕೇತ. ಮನೆಯಲ್ಲಿ ಸೇವಂತಿಗೆ ಕುಂಡವನ್ನು ಸೊಪ್ಪಿನ ದೀಪದ ಕೆಳಗಿಟ್ಟು ‘ಹೂವೇ ಬಿಡಲಿಲ್ಲ’ ಎನ್ನುವವರಿಗೆ ಕಾರಣ ಇದೇ.

ಗಂಟೆಗಳನ್ನು ನೆನಪಿಟ್ಟುಕೊಂಡು ಸ್ವಿಚ್ ಹಾಕಲು ಹೋಗಬೇಡಿ. ಐನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಸುತ್ತಲೂ ಪುಟ್ಟ ಹಲ್ಲುಗಳಿರುವ 24 ಗಂಟೆಯ ಟೈಮರ್ ಸಾಕೆಟ್ ಸಾಕು. ಕರೆಂಟು ಹೋದಾಗ ಅದರ ಗಡಿಯಾರ ನಿಂತುಬಿಡುತ್ತದೆ, ವಾರಕ್ಕೊಮ್ಮೆ ತಿರುಗಿಸಿ ಸರಿಮಾಡಿಕೊಳ್ಳಿ. ಒಂದೆರಡು ಗಂಟೆ ಕರೆಂಟು ಹೋಯಿತೆಂದು ದೀಪವನ್ನು ಇನ್ವರ್ಟರಿಗೆ ಹಾಕುವ ಅಗತ್ಯವಿಲ್ಲ, ಗಿಡಕ್ಕೆ ಅದು ಮೋಡ ಕವಿದ ಮಧ್ಯಾಹ್ನವಿದ್ದಂತೆ.

ಕರೆಂಟ್ ಬಿಲ್ ಎಷ್ಟು ಹೆಚ್ಚಾಗುತ್ತದೆ?

ಎರಡು ಬ್ಯಾಟನ್ 40 ವಾಟ್. 14 ಗಂಟೆಗೆ 0.56 ಯೂನಿಟ್, ತಿಂಗಳಿಗೆ 17 ಯೂನಿಟ್‌ಗೆ ಸ್ವಲ್ಪ ಕಡಿಮೆ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ನೂರು ರೂಪಾಯಿ. ನಾಲ್ಕು ಬ್ಯಾಟನ್ ಆದರೆ ಇನ್ನೂರು.

ಕರ್ನಾಟಕದಲ್ಲಿ ಗೃಹಜ್ಯೋತಿಯ ಫಲಾನುಭವಿಗಳು ಇನ್ನೊಂದು ಲೆಕ್ಕವನ್ನೂ ಹಾಕಬೇಕು. 2023ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಮಿತಿ ನಿಗದಿಯಾಗಿದೆ. ಅದನ್ನು ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು, ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ ಕಟ್ಟಬೇಕು. 190ರ ಹತ್ತಿರ ಓಡುತ್ತಿರುವ ಮನೆಯಲ್ಲಿ 17 ಯೂನಿಟ್ ಸೇರಿದರೆ ಮೆಂತ್ಯದ ಕಟ್ಟು ಸಾವಿರ ರೂಪಾಯಿ ದಾಟಿತು ಎಂದೇ ಅರ್ಥ. ದೀಪ ಹಾಕುವ ಮೊದಲು ಹಳೆಯ ಮೂರು ನಾಲ್ಕು ಬಿಲ್‌ಗಳನ್ನು ಮುಂದಿಟ್ಟುಕೊಂಡು ನೋಡಿ.

ದೀಪದಲ್ಲೇ ಟೊಮೆಟೊ, ಮೆಣಸಿನಕಾಯಿ ಬೆಳೆಯಬಹುದೆ?

ಬೆಳೆಯಬಹುದು, ಅಗ್ಗವಾಗಿ ಮಾತ್ರ ಆಗುವುದಿಲ್ಲ. ಟೊಮೆಟೊ ಹಣ್ಣು ಬಿಡಲು ದಿನಕ್ಕೆ 20ರಿಂದ 30 ಮೋಲ್ ಬೇಡುತ್ತದೆ. ಸೊಪ್ಪಿನ ರ‍್ಯಾಕಿನಷ್ಟೇ ಜಾಗಕ್ಕೆ ಇಷ್ಟು ಕೊಡಲು ನೂರು ವಾಟಿನ ಒಳ್ಳೆಯ ಬೋರ್ಡು ಬೇಕು, ತಿಂಗಳಿಗೆ 42 ಯೂನಿಟ್. ಎರಡು ಗಿಡದಿಂದ ಬರುವ ಹಣ್ಣಿಗೆ ಮೂರು ನಾಲ್ಕು ತಿಂಗಳು ಹೀಗೆ ಕಟ್ಟುವುದಕ್ಕಿಂತ ತಳ್ಳುಗಾಡಿಯವರನ್ನು ಕೂಗುವುದು ಲೇಸು. ಸಸಿಯನ್ನು ಐದಾರು ವಾರ ದೀಪದಲ್ಲಿ ಬೆಳೆಸಿ, ತಾರಸಿಗೋ ಊರಿನ ಹಿತ್ತಲಿಗೋ ದಾಟಿಸುವುದು ಜಾಣತನ. ಒಮ್ಮೆಲೇ ಬಿಸಿಲಿಗೆ ಇಡಬೇಡಿ. ದೀಪದಲ್ಲಿ ಬೆಳೆದ ಎಲೆ ಎಳೆ ಮಗುವಿನ ಚರ್ಮದಂಥದ್ದು, ಮೊದಲ ದಿನ ಬೆಳಗಿನ ಒಂದು ಗಂಟೆ, ಆಮೇಲೆ ಎರಡು ಎಂದು ವಾರವಿಡೀ ಅಭ್ಯಾಸ ಮಾಡಿಸಿ.

ಮಲೆನಾಡಿನಲ್ಲಿ ಜೂನ್‌ನಿಂದ ಸೂರ್ಯನೇ ಕಾಣದ ದಿನಗಳಲ್ಲಿ ತರಕಾರಿ ಸಸಿಗಳು ಬಿಳಿಚಿಕೊಂಡು ಕೊಳೆಯುವುದುಂಟು. ಜಗುಲಿಯಲ್ಲಿ ಒಂದೆರಡು ಬ್ಯಾಟನ್ ಹಾಕಿಕೊಂಡರೆ ಆ ಎರಡು ತಿಂಗಳು ದಾಟುತ್ತವೆ.

ಬೆಳಕು ಕಡಿಮೆಯಾಯಿತೋ ಹೆಚ್ಚಾಯಿತೋ ಗಿಡ ನೋಡಿ ಹೇಳುವುದು ಹೇಗೆ?

ಕಡಿಮೆಯಾದರೆ ಸಸಿ ನೂಲಿನಂತೆ ಉದ್ದವಾಗುತ್ತದೆ, ಎರಡು ಎಲೆಗಳ ನಡುವಿನ ಗೆಣ್ಣು ದೂರವಾಗುತ್ತದೆ, ನೀರು ಹಾಕಿದ ಮರುದಿನ ಒಂದು ಕಡೆಗೆ ಒರಗಿ ಮಲಗುತ್ತದೆ. ನಮ್ಮ ಮೊದಲ ಮೆಂತ್ಯ ಹೀಗೆಯೇ ಮೊಸರಿನ ಡಬ್ಬದ ಅಂಚಿನ ಮೇಲೆ ಗಲ್ಲ ಊರಿ ಮಲಗಿತ್ತು. ಬೇಗ ಉದ್ದವಾಗುತ್ತಿದೆ ಎಂದು ನಾವು ಸಂತೋಷಪಟ್ಟಿದ್ದೆವು! ಹೆಚ್ಚಾದರೆ ತುದಿಯ ಎಲೆಗಳು ಬೆಳ್ಳಗಾಗುತ್ತವೆ, ಅಂಚು ಮೇಲಕ್ಕೆ ಮುದುರುತ್ತದೆ. ಬ್ಯಾಟನ್ ಬಳಸುವವರಿಗೆ ಈ ಎರಡನೆಯ ತೊಂದರೆ ಬರುವುದು ವಿರಳ. ಕೆಳಗಿನ ಎಲೆ ಹಳದಿಯಾದರೆ ದೀಪವನ್ನು ದೂರುವ ಮೊದಲು ನೀರು, ಗೊಬ್ಬರಗಳನ್ನು ನೋಡಿ. ಬಿಸಿಲಿಲ್ಲದ ಕಡೆ ಮಣ್ಣು ನಿಧಾನವಾಗಿ ಒಣಗುತ್ತದೆ, ತಾರಸಿಯ ಅಭ್ಯಾಸದಂತೆ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತದೆ.

ನೀರಿನ ಪಕ್ಕದಲ್ಲಿ ವಿದ್ಯುತ್ ದೀಪ ಇಡುವುದು ಅಪಾಯವಲ್ಲವೆ?

ಅಪಾಯ ಇದೆ, ಈ ಒಂದು ವಿಷಯದಲ್ಲಿ ಅಗ್ಗ ನೋಡಬಾರದು. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿಯ ಗುರುತಿಲ್ಲದ ದೀಪ ಬೇಡ. ತೀರ ಅಗ್ಗದ ದೀಪಗಳ ಒಳಗಿನ ಸರ್ಕ್ಯೂಟಿನಲ್ಲಿ ಮನೆಯ 230 ವೋಲ್ಟ್ ನೇರವಾಗಿ ಎಲ್‌ಇಡಿ ಹಲಗೆಯವರೆಗೂ ಬಂದಿರುತ್ತದೆ. ಮುಚ್ಚಳ ಬಿಚ್ಚಿ ಹೋದ ಬಲ್ಬನ್ನು ಹಾಗೆಯೇ ಉರಿಸುವುದು, ಒದ್ದೆ ಕೈಯಲ್ಲಿ ಮುಟ್ಟುವುದು ಜೀವಕ್ಕೆ ಎರವಾಗಬಹುದು. ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲೆ ಅಥವಾ ಕುಂಡದ ಕೆಳಗಿನ ಅಂಕಣದಲ್ಲಿ ಇಡದೆ, ರ‍್ಯಾಕಿನ ಮೇಲ್ಭಾಗದಲ್ಲೋ ಗೋಡೆಯಲ್ಲೋ ಕಟ್ಟಿ. ಪ್ಲಗ್ಗಿಗೆ ಹೋಗುವ ತಂತಿ ಒಮ್ಮೆ ಕೆಳಗೆ ಇಳಿದು ಮತ್ತೆ ಮೇಲಕ್ಕೆ ಏರಲಿ, ತಂತಿಗುಂಟ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಕಬ್ಬಿಣದ ರ‍್ಯಾಕ್ ಆದರೆ ಅರ್ಥಿಂಗ್ ಕೊಡಿಸಿ, ಮನೆಯ ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದ ಕೂಡಲೇ ಕರೆಂಟು ಕಡಿಯುವ ಸ್ವಿಚ್, ಇದೆಯೇ ಎಂದು ಎಲೆಕ್ಟ್ರಿಷಿಯನ್ ಅವರಿಂದ ನೋಡಿಸಿ. ನೀರು ಚಿಮುಕಿಸುವಾಗ ದೀಪ ಆರಿಸಿರಲಿ.

ದೀಪ ಎಷ್ಟು ವರ್ಷ ಬಾಳುತ್ತದೆ?

ಡಬ್ಬದ ಮೇಲೆ 25,000 ಗಂಟೆ ಎಂದಿದ್ದರೆ, ದಿನಕ್ಕೆ 14 ಗಂಟೆಯಂತೆ ಐದು ವರ್ಷಕ್ಕೆ ಸ್ವಲ್ಪ ಕಡಿಮೆ. ಸಾಮಾನ್ಯವಾಗಿ ಮೊದಲು ಸಾಯುವುದು ಚಿಪ್ ಅಲ್ಲ, ಅದಕ್ಕೆ ಹದವಾದ ವಿದ್ಯುತ್ ಕೊಡುವ ಡ್ರೈವರ್ ಎಂಬ ಸರ್ಕ್ಯೂಟು. ಅದನ್ನು ಕೊಲ್ಲುವುದು ಬಿಸಿ. ದೀಪದ ಬೆನ್ನಿಗೆ ಗಾಳಿಯಾಡಲು ಎರಡು ಬೆರಳು ಜಾಗ ಬಿಡಿ. ತಿಂಗಳಿಗೊಮ್ಮೆ ಆರಿಸಿ, ತಣ್ಣಗಾದ ಮೇಲೆ ಒಣಬಟ್ಟೆಯಿಂದ ಒರೆಸಿ. ಅಡುಗೆಮನೆಯ ಪಕ್ಕದ ಯುಟಿಲಿಟಿಯಲ್ಲಿ ಒಗ್ಗರಣೆಯ ಜಿಡ್ಡಿನ ಮೇಲೆ ಧೂಳು ಕೂತು ಎಷ್ಟು ಬೆಳಕು ತಡೆಯುತ್ತದೆ ಎಂಬುದು ಒರೆಸುವ ಮುಂಚೆ ಮತ್ತು ಆಮೇಲೆ ಫೋನಿನಲ್ಲಿ ಅಳೆದು ನೋಡಿದವರಿಗೇ ಗೊತ್ತು.

ನಾವು ಟೊರಾಂಟೊದಲ್ಲಿದ್ದೇವೆ. ಕುಂಡದ ಕರಿಬೇವನ್ನು ಚಳಿಗಾಲದಲ್ಲಿ ದೀಪದಿಂದ ಉಳಿಸಿಕೊಳ್ಳಬಹುದೆ?

ಉಳಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಡಿಸೆಂಬರ್‌ನಲ್ಲೂ ಹಗಲು ಹನ್ನೊಂದೂಕಾಲು ಗಂಟೆಗೆ ಕಡಿಮೆಯಾಗುವುದಿಲ್ಲ, ಟೊರಾಂಟೊದಲ್ಲಿ ಅದು ಒಂಬತ್ತು ಗಂಟೆಗೆ ಇಳಿಯುತ್ತದೆ, ಆ ಬಿಸಿಲೂ ಓರೆಯಾಗಿ ಬೀಳುತ್ತದೆ. ದಕ್ಷಿಣಕ್ಕೆ ಮುಖಮಾಡಿದ ಕಿಟಕಿಯ ಬಳಿ ಕುಂಡವಿಟ್ಟು, ಗಿಡದ ತುದಿಗೆ ಒಂದು ಗೇಣು ಮೇಲೆ ಶೇಡ್ ಹಾಕಿದ 15 ವಾಟಿನ ಎರಡು ಬಿಳಿ ಬಲ್ಬುಗಳನ್ನು 12ರಿಂದ 14 ಗಂಟೆ ಉರಿಸಿ. ಅಲ್ಲಿ 120 ವೋಲ್ಟ್ ಇರುವುದರಿಂದ ದೀಪವನ್ನು ಅಲ್ಲಿಯೇ ಕೊಳ್ಳಬೇಕು. ಊರಿಂದ ಬರುವಾಗ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಬೇಡಿ.

ಆದರೆ ಕರಿಬೇವು ಎಲೆ ಉದುರಿಸುವುದಕ್ಕೆ ಬೆಳಕಿನಷ್ಟೇ ಚಳಿಯೂ ಕಾರಣ. ರಾತ್ರಿ ಕಿಟಕಿಯ ಗಾಜಿಗೆ ಎಲೆ ತಾಗುತ್ತಿದ್ದರೆ, ಬೇರು ತಣ್ಣನೆಯ ನೆಲದ ಮೇಲಿದ್ದರೆ ಯಾವ ದೀಪವೂ ಪ್ರಯೋಜನಕ್ಕೆ ಬಾರದು. ಕುಂಡವನ್ನು ಒಂದು ಮಣೆಯ ಮೇಲಿಡಿ, ಗಾಜಿನಿಂದ ಒಂದಡಿ ಈಚೆಗೆ ಸರಿಸಿ, ನೀರನ್ನು ಅರ್ಧಕ್ಕೆ ಇಳಿಸಿ. ಅಷ್ಟಾದ ಮೇಲೂ ಎಲೆಯೆಲ್ಲ ಉದುರಿ ಬರಿ ಕಡ್ಡಿ ಉಳಿದರೆ ಕಿತ್ತೆಸೆಯುವ ಮುನ್ನ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ದೀಪವನ್ನು ಆರಿಸಬೇಡಿ, ಏಪ್ರಿಲ್ ಹೊತ್ತಿಗೆ ಚಿಗುರುತ್ತದೆ.